ಬಿಚ್ಚಲು ಬರುವ ಜೋಡಣೆ: ಗಿಟಾರಿನ ಕತ್ತು ಮತ್ತು ನಮ್ಮ ಗ್ಯಾರಂಟಿ ಚೀಟಿ

ತೆರಿಗೆ, ರಿಟರ್ನ್ಸ್, ಬ್ಯಾಂಕ್ ಸಾಲ ಮುಂತಾದ ವಿಷಯಗಳ ಕುರಿತು ಈ ಪುಟಗಳಲ್ಲಿ ಹಲವು ಬಾರಿ ಬರೆದಿರುವ ನಾನು, ಈ ತಿಂಗಳು ಗಿಟಾರ್ ವಾದ್ಯದ ಕತ್ತಿನ ಬಗ್ಗೆ ಬರೆಯಹೊರಟಿರುವುದನ್ನು ಕಂಡು ಸದಸ್ಯ ಬಾಂಧವರಿಗೆ ಆಶ್ಚರ್ಯವಾಗಬಹುದು. ನಾನು ಸಂಗೀತವನ್ನು ಬಲ್ಲವನಲ್ಲ. ವಾಣಿಜ್ಯ ಪದವಿ ಪಡೆದು, ಸಿ.ಎ. ಮುಗಿಸಿ, ಮೂರು ದಶಕಗಳ ಕಾಲ ಅನ್ಯರ ಲೆಕ್ಕಪುಸ್ತಕಗಳನ್ನು ತಿರುವಿ ಹಾಕುತ್ತಾ ಬಂದವನು. ಆದರೆ ಕಳೆದ ವರ್ಷ ನನ್ನ ಮಗಳ ಗಿಟಾರಿನ ದೆಸೆಯಿಂದ ನಾನು ಕಂಡುಕೊಂಡ ಒಂದು ಸಂಗತಿಯು ನಮ್ಮ ಸಣ್ಣ ಉತ್ಪಾದಕರೆಲ್ಲರಿಗೂ ಸಂಬಂಧಿಸಿದ್ದೆಂದು ನನಗೆ ಮನವರಿಕೆಯಾಗಿರುವುದರಿಂದ ಈ ಲೇಖನಕ್ಕೆ ಕೈಹಾಕಿದ್ದೇನೆ.

ಏಳು ವರ್ಷಗಳ ಹಿಂದೆ ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಮಗಳಿಗಾಗಿ ಗಿಟಾರ್ ಕೊಂಡಿದ್ದೆ. ಬಿಲ್ಲಿನ ಜೊತೆಗೆ ‘ಜೀವಮಾನದ ಗ್ಯಾರಂಟಿ’ ಎಂದು ಅಚ್ಚಾದ ಚೀಟಿಯೂ ದೊರೆತಿತ್ತು. ಕ್ರಮೇಣ ಅದರ ತಂತಿಗಳು ಕತ್ತಿನ ಮೇಲ್ಮೈಯಿಂದ ಮೇಲೇರತೊಡಗಿ, ತಂತಿಯನ್ನು ಒತ್ತುವಾಗ ಬೆರಳು ನೋಯುವಷ್ಟಾಯಿತು. ಅಂಗಡಿಗೆ ಒಯ್ದಾಗ ಅವರು ಕತ್ತಿನೊಳಗಿನ ಕಬ್ಬಿಣದ ಸರಳನ್ನು ಒಂದಿಷ್ಟು ತಿರುಗಿಸಿ ನೋಡಿದರು. ಪ್ರಯೋಜನವಾಗಲಿಲ್ಲ. ಕೊನೆಗೆ, “ಇದರ ಕತ್ತು ಬಿಚ್ಚಾಕ ಬರಂಗಿಲ್ರೀ ಸಾಹೇಬ್ರ, ಹಂಗ ಅಂಟಿಸ್ಯಾರ. ಹೊಸಾದ ತಗೋರಿ” ಎಂದರು. ಗ್ಯಾರಂಟಿ ಚೀಟಿಯನ್ನು ತೋರಿಸಿದೆ. ಮರ ಸೀಳಿದರೆ ಅಥವಾ ಅಂಟು ಬಿಟ್ಟರೆ ಮಾತ್ರ ಅದು ಅನ್ವಯಿಸುವುದೆಂದೂ, ಇಲ್ಲಿ ಅಂಟು ಬಿಟ್ಟಿಲ್ಲವೆಂದೂ ಉತ್ತರ ಬಂತು. ಅವರ ಮಾತು ನಿಜವೇ ಆಗಿತ್ತು. ಅಂಟು ಬಿಡದಿದ್ದುದೇ ಆ ವಾದ್ಯದ ದೋಷವಾಗಿತ್ತೆಂಬುದು ನನಗೆ ಆಮೇಲೆ ತಿಳಿಯಿತು.

ಕತ್ತು ರೂಪುಗೊಳ್ಳುವ ಬಗೆ

ಪರಿಚಿತರೊಬ್ಬರ ಸಲಹೆಯ ಮೇರೆಗೆ, ಬೆಂಗಳೂರಿನಲ್ಲಿ ಕೈಯಿಂದಲೇ ಗಿಟಾರ್ ತಯಾರಿಸುವ ಕುಶಲಕರ್ಮಿಯೊಬ್ಬರ ಬಳಿಗೆ ಆ ವಾದ್ಯವನ್ನು ಒಯ್ದೆ. ಅವರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಮುಂದೆ ಅವರ ಲೆಕ್ಕಪತ್ರದ ವಿಚಾರ ಬರಲಿರುವುದೇ ಅದಕ್ಕೆ ಕಾರಣ. ಅಂದು ಅವರ ಮೇಜಿನ ಮೇಲೆ ಹೊಸ ಗಿಟಾರೊಂದರ ಕತ್ತು ಸಿದ್ಧವಾಗುತ್ತಿತ್ತು. ವೀಣೆಗೆ ದಂಡಿ ಇರುವಂತೆ ಗಿಟಾರಿಗೆ ಕತ್ತು. ವೀಣೆಯ ಮೆಟ್ಟಿಲುಗಳಂತೆ ಇಲ್ಲಿ ಲೋಹದ ಫ್ರೆಟ್‌ಗಳಿರುತ್ತವೆ. ವೀಣೆಯ ಕುದುರೆಯಂತೆ ಇಲ್ಲಿಯೂ ಒಡಲಿನ ಮೇಲೆ ಒಂದು ಕುದುರೆಯಿದ್ದು, ತಂತಿಗಳು ಅದರ ಮೇಲೆ ಹಾಯ್ದಿರುತ್ತವೆ.

ಕತ್ತಿಗೆ ಸಾಮಾನ್ಯವಾಗಿ ಮಹಾಗನಿ ಮರವನ್ನು ಬಳಸುತ್ತಾರೆ. ಎಳೆ ನೇರವಾಗಿರಬೇಕು, ವರ್ಷಗಟ್ಟಲೆ ಒಣಗಿರಬೇಕು. ತಂತಿಯ ತಿರುಪುಗಳನ್ನು ಕೂರಿಸುವ ತಲೆಯ ಭಾಗವು ಸುಮಾರು 15 ಡಿಗ್ರಿಗಳಷ್ಟು ಹಿಂದಕ್ಕೆ ಬಾಗಿರುತ್ತದೆ. ಈ ಬಾಗನ್ನು ಒಂದೇ ದಪ್ಪ ತುಂಡಿನಿಂದ ಕೊರೆದರೆ ಮರವೂ ವ್ಯರ್ಥ, ಬಾಗಿನಲ್ಲಿ ಎಳೆಯೂ ತುಂಡಾಗಿ ಆ ಸ್ಥಳ ದುರ್ಬಲವಾಗುತ್ತದೆ. ಆದ್ದರಿಂದ ತೆಳುವಾದ ಹಲಗೆಯನ್ನು ಓರೆಯಾಗಿ ಕೊಯ್ದು, ಕೊಯ್ದ ತುಂಡನ್ನು ತಿರುವಿ ಅಂಟಿಸುವ ಪದ್ಧತಿಯಿದೆ. ಕಡಿಮೆ ಮರದಲ್ಲಿ ಹೆಚ್ಚು ಬಲ ದೊರೆಯುವ ಈ ಉಪಾಯವನ್ನು ನಮ್ಮ ಯಾವ ಉತ್ಪಾದಕನೂ ಮೆಚ್ಚದಿರಲಾರನು.

ಅನಂತರ ಕತ್ತಿನ ಉದ್ದಕ್ಕೂ ಒಂದು ಕಾಲುವೆ ಕೊರೆದು ಅದರಲ್ಲಿ ಉಕ್ಕಿನ ಸರಳನ್ನು ಕೂರಿಸುತ್ತಾರೆ. ತಿರುಗಿಸಿ ಸರಿಪಡಿಸಬಹುದಾದ ಇಂತಹ ಸರಳಿಗೆ ಅಮೆರಿಕದ ಗಿಬ್ಸನ್ ಸಂಸ್ಥೆಯ ಥಾಡಿಯಸ್ ಮೆಕ್‌ಹ್ಯೂ ಎಂಬವರಿಗೆ 1923ರಲ್ಲಿ ಪೇಟೆಂಟ್ ದೊರೆಯಿತು. ಈ ಸರಳು ಕತ್ತು ಬಿಲ್ಲಿನಂತೆ ಬಾಗುವುದನ್ನು ತಡೆಯುತ್ತದೆ. ಆದರೆ ಕತ್ತು ಒಡಲಿಗೆ ಸೇರುವ ಕೋನವನ್ನು ಇದು ಬದಲಿಸಲಾರದು. ಈ ಎರಡು ದೋಷಗಳ ನಡುವಿನ ವ್ಯತ್ಯಾಸವನ್ನು ಅರಿಯದೆಯೇ ನಾನು ಗಿಟಾರ್ ಕೊಂಡ ಅಂಗಡಿಯವರು ಸರಳನ್ನು ತಿರುಗಿಸುತ್ತಿದ್ದರು.

ಫ್ರೆಟ್‌ಗಳ ಸ್ಥಾನವಂತೂ ಶುದ್ಧ ಗಣಿತ. ತಂತಿಯ ಒಟ್ಟು ಉದ್ದವನ್ನು 17.817ರಿಂದ ಭಾಗಿಸಿದರೆ ಮೊದಲನೆಯ ಫ್ರೆಟ್‌ನ ದೂರ ದೊರೆಯುತ್ತದೆ. ಉಳಿದ ಉದ್ದವನ್ನು ಪುನಃ ಅದೇ ಸಂಖ್ಯೆಯಿಂದ ಭಾಗಿಸಿದರೆ ಎರಡನೆಯದು. ಹೀಗೆಯೇ ಮುಂದೆ. 645 ಮಿ.ಮೀ. ಉದ್ದದ ತಂತಿಗೆ ಮೊದಲ ಫ್ರೆಟ್ 36.2 ಮಿ.ಮೀ. ದೂರದಲ್ಲಿ ಬೀಳುತ್ತದೆ. ಹನ್ನೆರಡನೆಯದು ಸರಿಯಾಗಿ ಅರ್ಧದಲ್ಲಿ, ಅಂದರೆ 322.5 ಮಿ.ಮೀ.ಗೆ ಬರುತ್ತದೆ. ಇಳಿಯುವ ಮೌಲ್ಯ ಪದ್ಧತಿಯಲ್ಲಿ ಸವಕಳಿಯನ್ನು ಲೆಕ್ಕ ಹಾಕಿದವರಿಗೆ ಇದು ಪರಿಚಿತವಾದ ಸೂತ್ರವೇ ಆಗಿದೆ.

ಕತ್ತಿನ ಹಿಂಬದಿಯನ್ನು ದುಂಡಗೆ ಮಾಡುವಾಗ ಅವರು ಅಂದಾಜಿನ ಮೇಲೆ ಕೆತ್ತುವುದಿಲ್ಲ. ಮೊದಲ ಫ್ರೆಟ್‌ನ ಬಳಿ ಒಂದು, ಒಂಬತ್ತನೆಯದರ ಬಳಿ ಇನ್ನೊಂದು, ಹೀಗೆ ಎರಡೇ ಜಾಗಗಳನ್ನು ಅಳತೆಯ ಅಚ್ಚಿಗೆ ಸರಿಯಾಗಿ ಕೆತ್ತುತ್ತಾರೆ. ಮೊದಲನೆಯಲ್ಲಿ ದಪ್ಪ 21 ಮಿ.ಮೀ., ಎರಡನೆಯದರಲ್ಲಿ 23 ಮಿ.ಮೀ. ಆ ಮೇಲೆ ಎರಡು ಕೈಗಳಲ್ಲಿ ಹಿಡಿದು ಎಳೆಯುವ ಸಣ್ಣ ಕೀಸುಳಿಯಿಂದ ಎರಡೂ ಜಾಗಗಳನ್ನು ಕೂಡಿಸುತ್ತಾರೆ. ಮೂಲೆಗಳನ್ನು ಕೆತ್ತಿ ಮುಖಗಳನ್ನು ಹೆಚ್ಚಿಸುತ್ತಾ, ಆ ಮುಖಗಳ ಅಂಚುಗಳನ್ನು ಪುನಃ ಕೆತ್ತುತ್ತಾ ಹೋದಂತೆ ದುಂಡುತನ ತಾನಾಗಿ ಬರುತ್ತದೆ. ಕೊನೆಯಲ್ಲಿ ತೆಳು ಉಕ್ಕಿನ ತಗಡಿನಿಂದ ಹೆರೆದು ನಯಮಾಡುತ್ತಾರೆ. ಗಿಟಾರ್ ಹೇಳಿ ಮಾಡಿಸಿದ ಗಿರಾಕಿಯನ್ನು ಕರೆಸಿ ಅವರ ಕೈಯಲ್ಲಿ ಹಿಡಿಸಿ ನೋಡಿದ ಬಳಿಕವೇ ಈ ಕೆಲಸ ಮುಗಿಯುವುದು.

ಒಂದು ಮಿಲಿಮೀಟರಿನ ಬೆಲೆ

ರೂಪಿಸಿದ ಕತ್ತನ್ನು ಒಡಲಿಗೆ ಕೂಡಿಸುವುದೇ ಅತ್ಯಂತ ಕಠಿಣವಾದ ಘಟ್ಟ. ಕತ್ತಿನ ಬುಡದಲ್ಲಿ ಹಿಮ್ಮಡಿಯಂತಹ ಭಾಗವೊಂದಿರುತ್ತದೆ. ಅದರ ತುದಿಯನ್ನು ಪಾರಿವಾಳದ ಬಾಲದ ಆಕಾರದಲ್ಲಿ ಕೆತ್ತಿ, ಒಡಲಿನ ಒಳಗಿನ ಮರದ ದಿಮ್ಮಿಯಲ್ಲಿ ಕೊರೆದ ಅದೇ ಆಕಾರದ ಗೂಡಿಗೆ ಇಳಿಸುತ್ತಾರೆ. ಇದನ್ನು ಡವ್‌ಟೇಲ್ ಜೋಡಣೆ ಎನ್ನುತ್ತಾರೆ. ನಡುವೆ ಕಾರ್ಬನ್ ಕಾಗದವನ್ನಿಟ್ಟು ಒತ್ತಿ ತೆಗೆದಾಗ, ಎಲ್ಲಿ ತಾಗುವುದೋ ಅಲ್ಲಿ ಕಪ್ಪು ಗುರುತು ಬೀಳುತ್ತದೆ. ಅಷ್ಟನ್ನೇ ಉಳಿಯಿಂದ ಹೆರೆದು ಮತ್ತೆ ಇಳಿಸುತ್ತಾರೆ. ನಮ್ಮ ಕಚೇರಿಗಳಿಂದ ಮರೆಯಾದ ಕಾರ್ಬನ್ ಕಾಗದವನ್ನು ಅವರ ಮೇಜಿನ ಮೇಲೆ ಕಂಡು ನನಗೆ ಸಂತೋಷವಾಯಿತು.

ಇಲ್ಲಿ ನಾಲ್ಕು ಸಂಗತಿಗಳು ಏಕಕಾಲಕ್ಕೆ ಸರಿಹೋಗಬೇಕು. ಕತ್ತಿನ ನಡುಗೆರೆಯು ಒಡಲಿನ ನಡುಗೆರೆಗೆ ಕೂಡಬೇಕು. ಕತ್ತು ತಿರುಚಿಕೊಂಡಿರಬಾರದು. ಹಿಮ್ಮಡಿ ಮತ್ತು ಒಡಲಿನ ನಡುವೆ ಬೆಳಕಿನ ಗೆರೆಯೂ ಕಾಣಬಾರದು. ಫ್ರೆಟ್‌ಗಳ ಮೇಲೆ ಉಕ್ಕಿನ ನೇರಪಟ್ಟಿಯನ್ನಿಟ್ಟರೆ ಅದರ ತುದಿಯು ಕುದುರೆಯ ಮೇಲಂಚಿಗೆ ಸರಿಯಾಗಿ ತಾಗಬೇಕು. ಒಂದನ್ನು ಸರಿಪಡಿಸಿದರೆ ಮತ್ತೊಂದು ಕೆಡುತ್ತದೆ.

ನಾಲ್ಕನೆಯ ಸಂಗತಿಯನ್ನು ಅಂಕಿಗಳಲ್ಲಿ ನೋಡೋಣ. ಹನ್ನೆರಡನೆಯ ಫ್ರೆಟ್ ತಂತಿಯ ಅರ್ಧದಲ್ಲಿರುವುದರಿಂದ, ನೇರಪಟ್ಟಿಯ ತುದಿಯು ಕುದುರೆಯ ಬಳಿ 2 ಮಿ.ಮೀ. ಕೆಳಗಿಳಿದರೆ, ಹನ್ನೆರಡನೆಯ ಫ್ರೆಟ್‌ನಲ್ಲಿ ತಂತಿಯು 1 ಮಿ.ಮೀ. ಮೇಲೇರುತ್ತದೆ. ದಪ್ಪ ತಂತಿಯು ಅಲ್ಲಿ ಸುಮಾರು 2.5 ಮಿ.ಮೀ. ಎತ್ತರದಲ್ಲಿರುವುದು ವಾಡಿಕೆ. ಅದು 3.5 ಆದಲ್ಲಿ ಬೆರಳು ನೋಯುತ್ತದೆ. ನಮ್ಮ ಮನೆಯಲ್ಲಿ ಆದದ್ದೂ ಇದೇ.

ಇದು ಯಾರ ತಪ್ಪಿನಿಂದಲೂ ಆಗುವುದಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಆರು ಉಕ್ಕಿನ ತಂತಿಗಳು ಸೇರಿ ಸುಮಾರು 70 ಕಿಲೋ ಭಾರದಷ್ಟು ಬಲದಿಂದ ಕತ್ತನ್ನು ಹಗಲಿರುಳೂ ಎಳೆಯುತ್ತಿರುತ್ತವೆ. ಒಡಲಿನ ಹಲಗೆಗಳು ನಾದ ಹೊರಡಿಸಲೆಂದೇ ತೆಳುವಾಗಿರುತ್ತವೆ. ಮುಂಗಾರಿನ ತೇವದಲ್ಲಿ ಅವು ಉಬ್ಬುತ್ತವೆ, ಮಾರ್ಚ್ ತಿಂಗಳ ಒಣಹವೆಯಲ್ಲಿ ಕುಗ್ಗುತ್ತವೆ. ವರ್ಷಗಳು ಉರುಳಿದಂತೆ ಕತ್ತು ಮುಂದಕ್ಕೆ ವಾಲುತ್ತದೆ. “ಸಾರ್, ಹದಿನೈದು ಇಪ್ಪತ್ತು ವರ್ಷಕ್ಕೆ ಒಂದು ಸಲ ಕತ್ತು ಬಿಚ್ಚಿ ಕೂರಿಸಲೇಬೇಕಾಗುತ್ತೆ. ಅದಕ್ಕೇ ನಾನು ಹಬೆ ಕೊಟ್ಟರೆ ಬಿಡೋ ಅಂಟನ್ನೇ ಹಾಕ್ತೀನಿ” ಎಂದು ಅವರು ಹೇಳಿದರು. ಪ್ರಾಣಿಗಳ ಚರ್ಮದಿಂದ ತಯಾರಾಗುವ ಆ ಅಂಟು ಬಿಸಿ ಮತ್ತು ತೇವಕ್ಕೆ ಸಡಿಲಗೊಳ್ಳುತ್ತದೆ. ಹದಿನಾಲ್ಕನೆಯ ಫ್ರೆಟ್‌ನ ಬಳಿ ಒಡಲಿಗೆ ಸೇರುವ ಗಿಟಾರಿನಲ್ಲಿ ಹದಿನೈದನೆಯ ಫ್ರೆಟ್ ಅನ್ನು ಕಿತ್ತು, ಅಲ್ಲಿ ಸಣ್ಣ ರಂಧ್ರ ಕೊರೆದು ಹಬೆ ಹಾಯಿಸಿದರೆ ಕತ್ತು ಹೊರಬರುತ್ತದೆ.

ಬಿಚ್ಚಿದ ಮೇಲೆ ತೆಗೆಯಬೇಕಾದ ಮರವೆಷ್ಟು? ಹದಿನಾಲ್ಕನೆಯ ಫ್ರೆಟ್‌ನಿಂದ ಕುದುರೆಗೆ ಸುಮಾರು 287 ಮಿ.ಮೀ. ಹಿಮ್ಮಡಿಯ ಎತ್ತರ 90 ಮಿ.ಮೀ. ಎಂದಿಟ್ಟುಕೊಳ್ಳೋಣ. ನೇರಪಟ್ಟಿಯ ತುದಿಯನ್ನು 3 ಮಿ.ಮೀ. ಮೇಲೆತ್ತಬೇಕಾದರೆ ಹಿಮ್ಮಡಿಯ ತಳದಲ್ಲಿ 3 ಗುಣಿಸು 90 ಭಾಗಿಸು 287, ಅಂದರೆ ಒಂದು ಮಿಲಿಮೀಟರಿಗೂ ತುಸು ಕಡಿಮೆ ಮರವನ್ನು ತೆಗೆದರೆ ಸಾಕು. ನನ್ನ ಮಗಳ ಗಿಟಾರಿಗೆ ಬೇಕಾಗಿದ್ದುದು ಇಷ್ಟೇ. ಆದರೆ ಅದರ ತಯಾರಕರು ಎಂದೂ ಬಿಡದಂತಹ ಅಂಟನ್ನು ಬಳಸಿದ್ದರಿಂದ ಅಷ್ಟನ್ನು ತೆಗೆಯಲು ಯಾರಿಗೂ ಸಾಧ್ಯವಿರಲಿಲ್ಲ. ಒಂದು ಮಿಲಿಮೀಟರ್ ಮರಕ್ಕಾಗಿ ಇಡೀ ವಾದ್ಯವೇ ನಿರುಪಯುಕ್ತವಾಯಿತು.

ಮೂರು ದಾರಿಗಳು

ಈ ಜೋಡಣೆಯ ವಿಷಯದಲ್ಲಿ ಜಗತ್ತಿನ ಗಿಟಾರ್ ತಯಾರಕರು ಮುಖ್ಯವಾಗಿ ಮೂರು ದಾರಿಗಳನ್ನು ಹಿಡಿದಿದ್ದಾರೆ. ಮೊದಲನೆಯದು ಸ್ಪೇನ್ ದೇಶದ ಪದ್ಧತಿ. ಆಧುನಿಕ ಶಾಸ್ತ್ರೀಯ ಗಿಟಾರಿಗೆ ರೂಪ ಕೊಟ್ಟವರಲ್ಲಿ ಪ್ರಮುಖರೆನಿಸಿದ ಅಂತೋನಿಯೊ ದೆ ತೋರೆಸ್ (1817–1892) ಅವರ ಪರಂಪರೆಯಲ್ಲಿ, ಮೊದಲು ಕತ್ತು, ಆಮೇಲೆ ಅದರ ಸುತ್ತ ಒಡಲು. ಒಡಲಿನ ಪಕ್ಕದ ಪಟ್ಟಿಗಳನ್ನು ಹಿಮ್ಮಡಿಯಲ್ಲಿನ ಸೀಳುಗಳೊಳಗೆ ಸೇರಿಸಿ ಅಂಟಿಸಿಬಿಡುತ್ತಾರೆ. ಕತ್ತನ್ನು ಬಿಚ್ಚುವ ಪ್ರಶ್ನೆಯೇ ಇಲ್ಲ. ಆದರೆ ಆ ಗಿಟಾರಿನ ತಂತಿಗಳು ನೈಲಾನಿನವು. ಅವುಗಳ ಎಳೆತ ಉಕ್ಕಿನ ತಂತಿಗಳಿಗಿಂತ ಬಹಳ ಕಡಿಮೆ, ಸುಮಾರು 40 ಕಿಲೋ. ಭಾರ ಕಡಿಮೆಯಿರುವೆಡೆ ಶಾಶ್ವತ ಜೋಡಣೆ ತಪ್ಪೆನಿಸದು.

ಎರಡನೆಯದು ಡವ್‌ಟೇಲ್. ಜರ್ಮನಿಯಿಂದ ವಲಸೆ ಹೋದ ಕ್ರಿಶ್ಚಿಯನ್ ಫ್ರೆಡ್ರಿಕ್ ಮಾರ್ಟಿನ್ ಅವರು 1833ರಲ್ಲಿ ಅಮೆರಿಕದಲ್ಲಿ ಸ್ಥಾಪಿಸಿ, ಇಂದಿಗೂ ಪೆನ್ಸಿಲ್ವೇನಿಯಾದ ನಜರೆತ್ ಪಟ್ಟಣದಲ್ಲಿ ನಡೆಯುತ್ತಿರುವ ಮಾರ್ಟಿನ್ ಸಂಸ್ಥೆಯು ತನ್ನ ಮುಖ್ಯ ಶ್ರೇಣಿಗಳಲ್ಲಿ ಈ ಪದ್ಧತಿಯನ್ನು ಉಳಿಸಿಕೊಂಡಿದೆ. ಬಿಚ್ಚುವುದು ಕಷ್ಟ, ಆದರೆ ಸಾಧ್ಯ. ನೂರು ವರ್ಷ ಹಳೆಯ ಗಿಟಾರುಗಳು ಇಂದಿಗೂ ನುಡಿಯುತ್ತಿರುವುದಕ್ಕೆ ಇದೂ ಒಂದು ಕಾರಣ.

ಮೂರನೆಯದು ಬೋಲ್ಟ್. 1974ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಾಬ್ ಟೇಲರ್ ಮತ್ತು ಕರ್ಟ್ ಲಿಸ್ಟಗ್ ಅವರು ಆರಂಭಿಸಿದ ಟೇಲರ್ ಸಂಸ್ಥೆಯು ಕತ್ತನ್ನು ಬೋಲ್ಟಿನಿಂದ ಬಿಗಿಯುವ ಪದ್ಧತಿಯನ್ನು ಬೆಳೆಸಿತು. 1999ರಲ್ಲಿ ಅದು ತಂದ ಹೊಸ ವಿನ್ಯಾಸದಲ್ಲಿ, ಬೋಲ್ಟನ್ನು ಸಡಿಲಿಸಿ, ನಡುವಿನ ತೆಳುವಾದ ಓರೆಬಿಲ್ಲೆಗಳನ್ನು ಬದಲಿಸಿದರೆ ಕೋನ ಸರಿಹೋಗುತ್ತದೆ. ಡವ್‌ಟೇಲ್‌ನಲ್ಲಿ ದಿನಗಟ್ಟಲೆ ಹಿಡಿಯುವ ಕೆಲಸ ಇಲ್ಲಿ ಕೆಲವು ನಿಮಿಷಗಳದ್ದಾಗಿದೆ. ಬೋಲ್ಟ್ ಹಾಕಿದರೆ ನಾದ ಕೆಡುತ್ತದೆಂದು ವಾದಿಸಿದವರು ಅನೇಕರು. ಆದರೂ ಗ್ರಾಹಕರು ಕೊಂಡರು, ಸಂಸ್ಥೆ ಬೆಳೆಯಿತು.

ಮರದ ಲಭ್ಯತೆಯೂ ಇದೇ ಪಾಠವನ್ನು ಹೇಳುತ್ತಿದೆ, ಮತ್ತು ಇಲ್ಲಿ ನಮ್ಮ ನಾಡಿಗೂ ಸಂಬಂಧವಿದೆ. ಬ್ರೆಜಿಲಿನ ರೋಸ್‌ವುಡ್ ದುರ್ಲಭವಾದಾಗ ಮಾರ್ಟಿನ್ ಸಂಸ್ಥೆಯು 1969ರಲ್ಲಿ ಭಾರತದ ರೋಸ್‌ವುಡ್‌ಗೆ, ಅಂದರೆ ನಮ್ಮ ಪಶ್ಚಿಮ ಘಟ್ಟಗಳಲ್ಲಿಯೂ ಬೆಳೆಯುವ ಬೀಟೆ ಮರಕ್ಕೆ ತಿರುಗಿತು. ಅಂದಿನಿಂದ ಅಸಂಖ್ಯ ಗಿಟಾರುಗಳ ಒಡಲು ಬೀಟೆಯದಾಗಿದೆ, ಕತ್ತಿನ ಮೇಲೆ ಫ್ರೆಟ್ ಕೂರಿಸುವ ಪಟ್ಟಿಗೂ ಅದು ಬಳಕೆಯಾಗಿದೆ. 2017ರ ಜನವರಿ 2ರಿಂದ ಈ ಜಾತಿಯ ಮರಗಳೆಲ್ಲವೂ ಸೈಟಿಸ್ ಅಂತರರಾಷ್ಟ್ರೀಯ ಒಪ್ಪಂದದ ನಿಯಂತ್ರಣಕ್ಕೊಳಪಟ್ಟವು. ತಯಾರಾದ ವಾದ್ಯಗಳಿಗೆ 2019ರ ನವೆಂಬರ್‌ನಲ್ಲಷ್ಟೇ ವಿನಾಯಿತಿ ದೊರೆಯಿತು. ಪುನಃ ಸುಲಭವಾಗಿ ಸಿಗಲಾರದ ಮರದಿಂದ ಮಾಡಿದ ವಸ್ತುವನ್ನು ದುರಸ್ತಿಗೆ ಬಾರದಂತೆ ಅಂಟಿಸುವುದು ವ್ಯವಹಾರದ ದೃಷ್ಟಿಯಿಂದಲೂ ಸರಿಯಲ್ಲ.

ನಮ್ಮ ಕಾರ್ಖಾನೆಗಳಲ್ಲಿ

ಇದು ವಾದ್ಯಗಳ ಮಾತಾಯಿತು, ನಮಗೇನು ಎಂದು ಕೇಳುವವರಿಗಾಗಿ ಒಂದು ಅನುಭವವನ್ನು ಹೇಳುತ್ತೇನೆ. ನನ್ನ ಕಕ್ಷಿದಾರರೊಬ್ಬರು ಮನೆಬಳಕೆಯ ಹಿಟ್ಟಿನ ಗಿರಣಿಗಳನ್ನು ತಯಾರಿಸುತ್ತಿದ್ದರು. ಬೇರಿಂಗ್ ಕೂರುವ ಮನೆಯನ್ನು ಮೊದಲು ನಾಲ್ಕು ಬೋಲ್ಟುಗಳಿಂದ ಬಿಗಿಯುತ್ತಿದ್ದರು. ವೆಚ್ಚ ಉಳಿಸಲೆಂದು ಮುಂದೆ ಅದನ್ನು ನೇರವಾಗಿ ವೆಲ್ಡ್ ಮಾಡಿಸತೊಡಗಿದರು. ಪ್ರತಿಸ್ಪರ್ಧಿಗಳನ್ನು ಎದುರಿಸಲು ಅದೇ ವರ್ಷ ಗ್ಯಾರಂಟಿಯನ್ನು ಒಂದು ವರ್ಷದಿಂದ ಮೂರು ವರ್ಷಕ್ಕೆ ಏರಿಸಿದರು. ಮೊದಲೆರಡು ವರ್ಷ ಲಾಭ ಚೆನ್ನಾಗಿ ಕಂಡಿತು. ಅದರ ಮೇಲೆ ತೆರಿಗೆಯನ್ನೂ ಕಟ್ಟಿದರು. ಮೂರನೆಯ ವರ್ಷ ಬೇರಿಂಗ್ ಸವೆದ ಗಿರಣಿಗಳು ಒಂದೊಂದಾಗಿ ಮರಳತೊಡಗಿದವು. ಬೇರಿಂಗ್ ಬದಲಿಸಲು ದಾರಿಯಿಲ್ಲದೆ ಇಡೀ ಗಿರಣಿಯನ್ನೇ ಬದಲಿಸಿಕೊಡಬೇಕಾಯಿತು. ಹಿಂದಿನ ಎರಡು ವರ್ಷಗಳ ಲಾಭವೆಂದು ನಾವು ಬರೆದಿದ್ದುದರಲ್ಲಿ ಬಹುಪಾಲು ಲಾಭವೇ ಆಗಿರಲಿಲ್ಲ. ಲೆಕ್ಕಪರಿಶೋಧಕನಾಗಿ ನಾನೂ ಅಂದು ಆ ಪ್ರಶ್ನೆಯನ್ನು ಸಾಕಷ್ಟು ಒತ್ತಿ ಕೇಳಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಗ್ಯಾರಂಟಿ ಕೊಟ್ಟು ಮಾರಿದ ಕ್ಷಣದಲ್ಲಿಯೇ ಹೊಣೆಯು ಹುಟ್ಟುತ್ತದೆ. 2004ರ ಏಪ್ರಿಲ್ 1ರಿಂದ ಜಾರಿಗೆ ಬಂದ ಲೆಕ್ಕಪತ್ರ ಮಾನಕ 29ರ ತಿರುಳು ಇದೇ. ಹಿಂದೆ ನಡೆದ ಘಟನೆಯಿಂದ ಇಂದು ಹೊಣೆಯಿರಬೇಕು, ಅದನ್ನು ತೀರಿಸಲು ಹಣ ಹೊರಹೋಗುವ ಸಂಭವವಿರಬೇಕು, ಆ ಮೊತ್ತವನ್ನು ವಿಶ್ವಾಸಾರ್ಹವಾಗಿ ಅಂದಾಜಿಸಲು ಬರಬೇಕು. ಈ ಮೂರೂ ಕೂಡಿದಲ್ಲಿ ಪ್ರಾವಿಜನ್, ಅಂದರೆ ಮುಂದಿನ ವೆಚ್ಚಕ್ಕಾಗಿ ಈ ವರ್ಷದ ಲಾಭದಿಂದಲೇ ತೆಗೆದಿಡುವ ಮೊತ್ತವನ್ನು ಬರೆಯತಕ್ಕದ್ದು. ಒಂದೊಂದು ವಸ್ತುವಿನ ಮಟ್ಟಿಗೆ ದುರಸ್ತಿ ಬರುವ ಸಂಭವ ಕಡಿಮೆಯಿದ್ದರೂ, ಮಾರಿದ ಅಷ್ಟೂ ವಸ್ತುಗಳನ್ನು ಒಟ್ಟಾಗಿ ನೋಡಬೇಕೆಂದು ಆ ಮಾನಕ ಹೇಳುತ್ತದೆ.

ತೆರಿಗೆಯ ಮಾತು ಬಂದಾಗ, ರೋಟಾರ್ಕ್ ಕಂಟ್ರೋಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ನೀಡಿದ ತೀರ್ಪು ನಮಗೆ ದಾರಿದೀಪವಾಗಿದೆ. 1961ರ ಆದಾಯ ತೆರಿಗೆ ಕಾಯ್ದೆಯ 37ನೆಯ ಕಲಮಿನಡಿ, ಗ್ಯಾರಂಟಿಗಾಗಿ ಮಾಡಿದ ಪ್ರಾವಿಜನ್‌ನ್ನು ವೆಚ್ಚವೆಂದು ಕಳೆಯಬಹುದೆಂದು ನ್ಯಾಯಾಲಯ ಹೇಳಿತು. ಆದರೆ ಆ ಅಂದಾಜು ಹಿಂದಿನ ವರ್ಷಗಳ ಅನುಭವವನ್ನು ಆಧರಿಸಿರಬೇಕೆಂದೂ ಸ್ಪಷ್ಟಪಡಿಸಿತು. 2017–18ರ ಕರನಿರ್ಧಾರಣಾ ವರ್ಷದಿಂದ ಬಂದ ಆದಾಯ ಗಣನೆಯ ಹತ್ತನೆಯ ಮಾನಕವು ಹಣ ಹೊರಹೋಗುವುದು ಸಾಕಷ್ಟು ನಿಶ್ಚಿತವಾಗಿರಬೇಕೆಂದು ಮತ್ತಷ್ಟು ಬಿಗಿ ಮಾಡಿತು. ಒಟ್ಟಿನಲ್ಲಿ, ದುರಸ್ತಿಯ ದಾಖಲೆಯಿಲ್ಲದವನಿಗೆ ಈ ಸೌಲಭ್ಯ ದೊರೆಯುವುದು ಕಷ್ಟ. ನಮ್ಮ ಎಷ್ಟು ಕಾರ್ಖಾನೆಗಳಲ್ಲಿ ದುರಸ್ತಿಯ ರಿಜಿಸ್ಟರ್ ಇದೆ? ಸದಸ್ಯರು ತಮ್ಮನ್ನು ತಾವೇ ಕೇಳಿಕೊಳ್ಳಲಿ.

ಕುಶಲಕರ್ಮಿಯ ಲೆಕ್ಕ

ಬೆಂಗಳೂರಿನ ಆ ಕುಶಲಕರ್ಮಿಯನ್ನು ಹೊಗಳಿ ಇಲ್ಲಿಗೆ ಮುಗಿಸಬಹುದಿತ್ತು. ಆದರೆ ವೃತ್ತಿಯ ಅಭ್ಯಾಸ ಬಿಡಲಿಲ್ಲ, ಅವರ ಲೆಕ್ಕವನ್ನು ಕೇಳಿದೆ. ಅಲ್ಲಿಯವರೆಗೆ ಅವರು 41 ಗಿಟಾರುಗಳನ್ನು ಮಾರಿದ್ದರು. ಪ್ರತಿಯೊಬ್ಬರಿಗೂ ‘ಕತ್ತು ವಾಲಿದರೆ ಎಂದಾದರೂ ತನ್ನಿ, ಸರಿಮಾಡಿಕೊಡುತ್ತೇನೆ’ ಎಂದು ಮಾತು ಕೊಟ್ಟಿದ್ದರು. ಅದಕ್ಕಾಗಿ ಏನು ತೆಗೆದಿಟ್ಟಿದ್ದೀರಿ ಎಂದಾಗ ಅವರು ನಕ್ಕರು. “ಏನೂ ಇಲ್ಲ ಸಾರ್, ಕೈ ಇದೆಯಲ್ಲ” ಎಂದರು.

ಅವರ ವಯಸ್ಸು 48. ಗಿಟಾರುಗಳು ದುರಸ್ತಿಗೆ ಬರತೊಡಗುವಾಗ ಅವರಿಗೆ ಅರವತ್ತು ದಾಟಿರುತ್ತದೆ. ಅಲ್ಲಿಯೇ ಕಾಗದದ ಮೇಲೆ ಇಬ್ಬರೂ ಲೆಕ್ಕ ಹಾಕಿದೆವು. ಮೂರರಲ್ಲಿ ಒಂದು ಮರಳಿ ಬಂದರೂ 14 ಗಿಟಾರುಗಳಾಗುತ್ತವೆ. ಒಂದಕ್ಕೆ ಎರಡು ದಿನಗಳಂತೆ 28 ದಿನಗಳ ಸಂಬಳವಿಲ್ಲದ ದುಡಿಮೆ. ದಿನಗೂಲಿ 2,500 ರೂಪಾಯಿ, ಸಾಮಗ್ರಿಗೆ 1,000 ರೂಪಾಯಿ ಎಂದು ಹಿಡಿದರೆ ಒಂದು ದುರಸ್ತಿಗೆ 6,000 ರೂಪಾಯಿ. ಅದರ ಮೂರನೆಯ ಒಂದು ಭಾಗವೆಂದರೆ ಮಾರುವ ಪ್ರತಿ ಗಿಟಾರಿನ ಮೇಲೆ 2,000 ರೂಪಾಯಿ. 41 ಗಿಟಾರುಗಳಿಗೆ 82,000 ರೂಪಾಯಿ. ಈ ಹೊಣೆ ಅವರ ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ಇನ್ನೂ ಒಂದೂ ಗಿಟಾರ್ ಮರಳಿ ಬಂದಿರದ ಕಾರಣ ಹಿಂದಿನ ಅನುಭವವೂ ಇಲ್ಲ, ಆದ್ದರಿಂದ ತೆರಿಗೆಯಲ್ಲಿ ಸದ್ಯಕ್ಕೆ ಇದು ಒಪ್ಪಿತವಾಗುವುದು ಸಂದೇಹ. ಆದರೂ ಬೆಲೆ ನಿಗದಿ ಮಾಡುವಾಗ ಈ 2,000 ರೂಪಾಯಿಗಳನ್ನು ಸೇರಿಸಲೇಬೇಕು, ಬೇರೆ ಖಾತೆಯಲ್ಲಿ ಇಡಲೇಬೇಕೆಂದು ನಾನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬೆಲೆ ಜಾಸ್ತಿ ಆಯ್ತು ಅಂತ ಹೋಗಿಬಿಟ್ಟರೆ?” ಎಂದು ಕೇಳಿದರು. ಈ ಪ್ರಶ್ನೆ ನಮ್ಮೆಲ್ಲರದೂ ಆಗಿದೆ.

ನನ್ನ ಉತ್ತರ ಇಷ್ಟೇ. ಆ 2,000 ರೂಪಾಯಿಗಳನ್ನು ಗ್ರಾಹಕನು ಕೊಡದಿದ್ದರೆ ತಯಾರಕನು ಕೊಡುತ್ತಾನೆ. ಇಬ್ಬರೂ ಕೊಡದಿದ್ದರೆ ಕೊಟ್ಟ ಮಾತು ಸುಳ್ಳಾಗುತ್ತದೆ. ನಾಲ್ಕನೆಯ ದಾರಿಯೆಂಬುದಿಲ್ಲ. ಅಂಗಡಿಯ ಚೀಟಿಯಲ್ಲಿ ಮಾತಿತ್ತು, ವಸ್ತುವಿನಲ್ಲಿ ಅದನ್ನು ಉಳಿಸುವ ದಾರಿ ಇರಲಿಲ್ಲ. ಕುಶಲಕರ್ಮಿಯ ವಸ್ತುವಿನಲ್ಲಿ ದಾರಿಯಿತ್ತು, ಪುಸ್ತಕದಲ್ಲಿ ಹಣವಿರಲಿಲ್ಲ. ಮೊದಲನೆಯವರಿಂದ ಗ್ರಾಹಕನಿಗೆ ನಷ್ಟ, ಎರಡನೆಯವರಿಂದ ಸ್ವತಃ ಅವರಿಗೇ ನಷ್ಟ. ಗ್ಯಾರಂಟಿ ನಿಜವಾಗಬೇಕಾದರೆ ಎರಡೂ ಕೂಡಿರಬೇಕು.

ದುರಸ್ತಿಯಾಗುವ ವಸ್ತು ಮಾಡಿದರೆ ಹೊಸದರ ಮಾರಾಟ ಕುಗ್ಗುತ್ತದೆಂದು ಕೆಲವರು ವಾದಿಸುತ್ತಾರೆ. ದೊಡ್ಡ ಸಂಸ್ಥೆಗಳಿಗೆ ಜಾಹೀರಾತಿನ ಬಲವಿದೆ, ಒಬ್ಬ ಗ್ರಾಹಕ ಹೋದರೆ ಮತ್ತೊಬ್ಬನನ್ನು ತರಬಲ್ಲರು. ಸಣ್ಣ ಉತ್ಪಾದಕನಿಗೆ ಇರುವುದು ಊರಿನಲ್ಲಿ ಅವನ ಹೆಸರೊಂದೇ. ಕಾಲವೂ ಬದಲಾಗುತ್ತಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಉತ್ಪನ್ನದ ಹೊಣೆಗಾರಿಕೆಗೆ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟಿದೆ. ಕೇಂದ್ರ ಸರ್ಕಾರವು 2022ರ ಡಿಸೆಂಬರ್‌ನಲ್ಲಿ ದುರಸ್ತಿಯ ಹಕ್ಕಿಗಾಗಿ ಪೋರ್ಟಲ್ ಆರಂಭಿಸಿದೆ. ಕಾನೂನು ಒತ್ತಾಯಿಸುವ ಮುನ್ನವೇ ನಾವು ಸಿದ್ಧರಾಗುವುದು ಲೇಸು.

ಸದಸ್ಯರಲ್ಲಿ ವಿನಂತಿ

ಆದ್ದರಿಂದ ಸದಸ್ಯ ಬಾಂಧವರಲ್ಲಿ ನನ್ನ ವಿನಂತಿಗಳು ಇಂತಿವೆ. ಮೊದಲನೆಯದಾಗಿ, ತಮ್ಮ ಉತ್ಪನ್ನದಲ್ಲಿ ಹೆಚ್ಚು ಭಾರ ಹೊರುವ ಮತ್ತು ಮೊದಲು ಸವೆಯುವ ಜೋಡಣೆ ಯಾವುದೆಂದು ಗುರುತಿಸಿ, ಅದನ್ನು ಬಿಚ್ಚಲು ಬರುವಂತೆ ಮಾಡಿರಿ. ಎಲ್ಲವನ್ನೂ ಬಿಚ್ಚಲು ಬರುವಂತೆ ಮಾಡುವ ಅಗತ್ಯವಿಲ್ಲ. ಎರಡನೆಯದಾಗಿ, ಗ್ಯಾರಂಟಿ ಚೀಟಿಯಲ್ಲಿ ‘ಜೀವಮಾನ’ ಎಂಬ ಪದವನ್ನು ಬಿಟ್ಟು, ಎಷ್ಟು ವರ್ಷ, ಯಾವ ದೋಷಕ್ಕೆ, ಯಾರಿಗೆ ಎಂಬುದನ್ನು ಬರೆಯಿರಿ. ಮಾರ್ಟಿನ್ ಸಂಸ್ಥೆಯೂ ತನ್ನ ಜೀವಮಾನದ ಗ್ಯಾರಂಟಿಯನ್ನು ಮೊದಲ ಖರೀದಿದಾರರಿಗೆ ಸೀಮಿತಗೊಳಿಸಿದೆ. ಮೂರನೆಯದಾಗಿ, ದುರಸ್ತಿಗೆ ಬಂದ ಪ್ರತಿಯೊಂದು ವಸ್ತುವಿನ ಮಾರಾಟದ ತಾರೀಖು, ದೋಷ ಮತ್ತು ತಗುಲಿದ ವೆಚ್ಚವನ್ನು ರಿಜಿಸ್ಟರಿನಲ್ಲಿ ದಾಖಲಿಸಿರಿ. ನಾಲ್ಕನೆಯದಾಗಿ, ಆ ದಾಖಲೆಯ ಆಧಾರದ ಮೇಲೆ ಪ್ರತಿ ವಸ್ತುವಿನ ಬೆಲೆಯಲ್ಲಿ ದುರಸ್ತಿಯ ಪಾಲನ್ನು ಸೇರಿಸಿ, ವರ್ಷಾಂತ್ಯದಲ್ಲಿ ಪ್ರಾವಿಜನ್ ಬರೆಯಿಸಿರಿ. ತೆರಿಗೆಯ ಪರಿಣಾಮವೇನೆಂಬುದನ್ನು ತಮ್ಮ ಲೆಕ್ಕಪರಿಶೋಧಕರೊಡನೆ ಮಾರ್ಚ್‌ಗೆ ಮೊದಲೇ ಚರ್ಚಿಸಿರಿ.

ಮಗಳ ಹಳೆಯ ಗಿಟಾರ್ ಈಗ ಅಟ್ಟದ ಮೇಲಿದೆ. ಅವಳಿಗೆಂದು ಆ ಕುಶಲಕರ್ಮಿಯಿಂದಲೇ ಹೊಸದೊಂದನ್ನು ಮಾಡಿಸಿದ್ದೇವೆ. ಅದು ಅವರ ನಲವತ್ತೆರಡನೆಯ ಗಿಟಾರ್. ಬಿಲ್ಲಿನ ಕೊನೆಯಲ್ಲಿ ‘ಕತ್ತಿನ ಮುಂದಿನ ದುರಸ್ತಿಗಾಗಿ 2,000 ರೂಪಾಯಿ’ ಎಂಬ ಸಾಲೊಂದನ್ನು ಅವರು ತಮ್ಮ ಕೈಬರಹದಲ್ಲಿ ಸೇರಿಸಿದ್ದರು. ನಾನು ಚೌಕಾಸಿ ಮಾಡದೆ ಕೊಟ್ಟೆನು.